‘ಸ್ಟಾಫ್’ ಎಂದರೆ ಬಿಟ್ಟುಬಿಡುವ ಟಿ ಜೀವಕೋಶಗಳಿಗೆ

ಸನ್ಮಾನ್ಯ ಟಿ ಜೀವಕೋಶಗಳೇ,

ರೋಗ ತಡೆಯಲು ರಕ್ತ, ದುಗ್ಧಗ್ರಂಥಿ ಎಂದು ಹಗಲಿರುಳು ಗಸ್ತು ತಿರುಗುವ ತಮ್ಮ ಸನ್ನಿಧಾನಕ್ಕೆ ರಾಮಮೂರ್ತಿ ನಗರದಿಂದ ಗೌರವಪೂರ್ವಕ ನಮಸ್ಕಾರಗಳು.

ನನ್ನ ಅಕ್ಕ ಯಶೋದಮ್ಮನವರ ಬಲ ಶ್ವಾಸಕೋಶದಲ್ಲಿರುವ ಕ್ಯಾನ್ಸರ್ ಗಡ್ಡೆಯು ಹೊಸ ಚಿಕಿತ್ಸೆ ಆರಂಭವಾದ ಮೇಲೆ ತೆಗೆದ ಮೊದಲ ಸ್ಕ್ಯಾನ್‌ನಲ್ಲಿ ಹಿಂದಿಗಿಂತ ದೊಡ್ಡದಾಗಿ ಕಂಡಿದೆ. ಇದನ್ನು ತಿಳಿಸಿದವರು ಚಿಕಿತ್ಸೆ ನೀಡುತ್ತಿರುವ ಡಾ. ಮಧುಕರ್, ಅದರ ಅರ್ಥವೇನೆಂದು ಕೇಳಿದಾಗ ಈಗಲೇ ಹೇಳಲಾಗದು ಎಂದವರೂ ಅವರೇ. ಅಕ್ಕನ ದೇಹದ ಕಾವಲು ತಮ್ಮ ಹೊಣೆಯಾದ್ದರಿಂದ ಈ ದೂರನ್ನು ತಮಗೇ ಬರೆಯುತ್ತಿದ್ದೇನೆ.

ತಾವು ಯಾರ ಮೈಯಲ್ಲಿ ಕೆಲಸಕ್ಕಿದ್ದೀರಿ ಎಂಬುದನ್ನು ಮೊದಲು ನೆನಪಿಸಬೇಕಾಗಿದೆ. ಯಶೋದಮ್ಮನವರು ನಿವೃತ್ತರಾಗುವವರೆಗೆ ಶಿವಾಜಿನಗರದಿಂದ ಕೆ.ಆರ್. ಪುರಕ್ಕೆ ಹೋಗುವ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು. ಟಿಕೆಟ್ ಕೇಳಿದರೆ, ತಾವೂ ಸಾರಿಗೆ ನೌಕರರೇ ಎಂಬಂತೆ, ಗತ್ತಿನಿಂದ ‘ಸ್ಟಾಫ್’ ಎಂದು ಒಂದೇ ಮಾತು ಹೇಳಿ ಕಿಟಕಿಯ ಕಡೆ ತಿರುಗಿಬಿಡುವ ಗಂಡಸರು ಆ ದಾರಿಯಲ್ಲಿ ಕಡಿಮೆ ಇರಲಿಲ್ಲ. ಬೇರೆಯವರಾದರೆ ಮುಂದಕ್ಕೆ ಹೋಗುತ್ತಿದ್ದರು; ಅಕ್ಕ ಮಾತ್ರ, ‘ಯಾವ್ ಡಿಪೋ ಸಾರ್? ಕಾರ್ಡ್ ತೋರ್ಸಿ, ನಾನೂ ನೋಡಿ ಖುಷಿ ಪಡ್ತೀನಿ’ ಎನ್ನುತ್ತಿದ್ದರು. ಒಮ್ಮೆ ಹಲಸೂರಿನಲ್ಲಿ ಹತ್ತಿದ ನಾನು, ಅಕ್ಕನೇ ಅಲ್ಲವೇ ಎಂಬ ಧೈರ್ಯದಲ್ಲಿ ‘ಸ್ಟಾಫ್’ ಎಂದೆ. ‘ಸ್ಟಾಫಿನ ತಮ್ಮ ಸ್ಟಾಫ್ ಅಲ್ಲ, ಚಿಲ್ರೆ ತೆಗಿ ಪ್ರೇಮ್’ ಎಂದು ಬಸ್ಸಿಗೆಲ್ಲ ಕೇಳುವಂತೆ ಹೇಳಿದರು.

ಅಂಥವರ ಮೈಯೊಳಗೆ, ಮಾನ್ಯರೇ, ತಾವು ನಡೆಸುವ ತಪಾಸಣೆಯ ವೈಖರಿಯನ್ನು ಅವರ ಮಗಳು ಸಂಘಮಿತ್ರಾ ನಮಗೆ ವಿವರಿಸಿದಳು. ಆಕೆ ವಿಜ್ಞಾನಿ, ಕ್ಯಾನ್ಸರ್ ಕೋಶಗಳು ತಮ್ಮಂಥವರನ್ನು ಹೇಗೆ ಏಮಾರಿಸುತ್ತವೆ ಎಂಬುದೇ ಆಕೆಯ ಸಂಶೋಧನೆ. ತಾವು ಎದುರಿಗೆ ಬಂದಾಗ ಗಡ್ಡೆಯ ಕೋಶವು ಮೈಮೇಲಿನ ಒಂದು ಪ್ರೋಟೀನನ್ನು ತೋರಿಸುತ್ತದಂತೆ. ‘ನಾನೂ ಇದೇ ದೇಹದವನು’ ಎಂಬ ಆ ಗುರುತನ್ನು ಆರೋಗ್ಯವಂತ ಕೋಶಗಳೂ ತೋರಿಸುವುದುಂಟು. ಅದನ್ನು ಕಂಡ ಕೂಡಲೇ ತಾವು ಕೈಕಟ್ಟಿ ನಿಂತುಬಿಡುತ್ತೀರಂತೆ.

‘ಅಂದ್ರೆ ಅದು ಸ್ಟಾಫ್ ಅನ್ನುತ್ತೆ, ಇವ್ರು ಬಿಟ್ಬಿಡ್ತಾರೆ ಅಂತೀಯ?’ ಎಂದು ಅಕ್ಕ ಕೇಳಿದರು. ‘ಅಷ್ಟೇ ಅಮ್ಮ’ ಎಂದಳು ಮಗಳು. ಕ್ಯಾನ್ಸರ್ ಎಂದಾಗ ಕಣ್ಣೀರು ಹಾಕದ ಅಕ್ಕ ಅಂದು ಸಿಟ್ಟಿಗೆ ಅತ್ತರು: ‘ನನ್ ಮೈಯಲ್ಲೇ ಇದ್ಕೊಂಡು!’

ತಮ್ಮ ಸೌಜನ್ಯವನ್ನು ಮೆಚ್ಚದಿರಲಾಗದು. ದಾಖಲೆ ಕೇಳಿ ಯಾರ ಮನಸ್ಸನ್ನೂ ನೋಯಿಸದ ಇಂಥ ಅಧಿಕಾರಿಗಳು ಹೊರಗಡೆ ಇದ್ದಿದ್ದರೆ ಇಷ್ಟರಲ್ಲಿ ಸನ್ಮಾನ ಸಮಿತಿ ರಚನೆಯಾಗಿ ದೊಡ್ಡನೆಕ್ಕುಂದಿಯವರೆಗೂ ಫ್ಲೆಕ್ಸ್ ಏರುತ್ತಿತ್ತು. ಆ ಗುರುತು ತಮಗೆ ಕಾಣದಂತೆ ಮಾಡುವ ಇಮ್ಯುನೊಥೆರಪಿ ಔಷಧವನ್ನು ಡ್ರಿಪ್‌ನಲ್ಲಿ ಕೊಟ್ಟ ಮೇಲಂತೂ ತಮ್ಮ ಕರ್ತವ್ಯಪ್ರಜ್ಞೆ ಎಷ್ಟು ಜಾಗೃತವಾಯಿತೆಂದರೆ, ತಾವು ನೇರವಾಗಿ ಹೋಗಿ ಅಕ್ಕನ ಥೈರಾಯ್ಡ್ ಗ್ರಂಥಿಯನ್ನು ಹಿಡಿದಿರಿ. ಹುಟ್ಟಿದಾಗಿನಿಂದ ಪಾಸು ಇಟ್ಟುಕೊಂಡು ಮುಂದಿನ ಸೀಟಿನಲ್ಲಿ ಸುಮ್ಮನೆ ಕೂತಿದ್ದ ಬಡಪಾಯಿ ಅದು. ಈಗ ಅದರ ಕೆಲಸವನ್ನು ದಿನಾ ಬೆಳಿಗ್ಗೆ ಒಂದು ಮಾತ್ರೆ ಮಾಡುತ್ತಿದೆ.

ಸ್ಕ್ಯಾನಿನ ವಿಷಯ ಕೇಳಿ ಔಷಧ ಸೋತಿತೆಂದೇ ನಾನು ತಿಳಿದೆ. ‘ಹಂಗೇ ಹೇಳಕ್ಕಾಗಲ್ಲ ಮಾಮ’ ಎಂದಳು ಸಂಘಮಿತ್ರಾ. ‘ಹೊರಗಿಂದ ನೋಡಿದ್ರೆ ಬಸ್ ತುಂಬಿರೋದಷ್ಟೇ ಕಾಣ್ಸುತ್ತೆ. ಒಳಗೆ ಟಿಕೆಟ್ ಇಲ್ದೋರು ಜಾಸ್ತಿ ಆಗಿದಾರೋ, ಚೆಕಿಂಗ್‌ನೋರು ಗುಂಪಾಗಿ ಹತ್ತಿದಾರೋ ಗೊತ್ತಾಗಲ್ಲ.’ ತಾವು ಒಟ್ಟಾಗಿ ನುಗ್ಗಿದರೂ ಗಡ್ಡೆ ಊದಿಕೊಳ್ಳಬಹುದಂತೆ. ಅದು ಅಪರೂಪ, ಆದರೆ ಉಂಟು. ಗಡ್ಡೆಯೇ ಬೆಳೆದಿದ್ದರೆ ಈ ಔಷಧವನ್ನು ನಿಲ್ಲಿಸುತ್ತಾರೆ. ‘ನಿಂಗೇನನ್ಸುತ್ತೆ?’ ಎಂದು ಕೇಳಿದೆ. ವರ್ಷಗಳಿಂದ ಇದನ್ನೇ ಅಭ್ಯಾಸ ಮಾಡುತ್ತಿರುವ ಹುಡುಗಿ ‘ಗೊತ್ತಿಲ್ಲ ಮಾಮ’ ಎಂದಳು. ಅಮ್ಮನ ಕಡೆ ನೋಡಲಿಲ್ಲ.

ಆದ್ದರಿಂದ ತಮ್ಮಲ್ಲಿ ಕೋರುವುದೇನೆಂದರೆ, ತಾವು ಈಗಾಗಲೇ ಗಡ್ಡೆಯೊಳಗೆ ಇದ್ದಲ್ಲಿ ದಯಮಾಡಿ ಕಿಟಕಿಯಿಂದ ಒಮ್ಮೆ ಕೈ ಬೀಸಬೇಕು. ಇಲ್ಲದಿದ್ದಲ್ಲಿ ಇಂದೇ ಹತ್ತಬೇಕು, ಹಿಂದಿನ ಬಾಗಿಲಿನಿಂದಾದರೂ ಸರಿ. ಯಾರಾದರೂ ‘ಸ್ಟಾಫ್’ ಎಂದರೆ ಯಾವ ಡಿಪೋ ಎಂದು ವಿಚಾರಿಸಬೇಕು. ವಿಚಾರಿಸುವ ಕ್ರಮ ತಿಳಿಯದಿದ್ದರೆ ತಾವಿರುವ ಮೈಯ ಯಜಮಾನಿಯನ್ನೇ ಕೇಳಬಹುದು.

ಸದ್ಯದ ಮಟ್ಟಿಗೆ ತಮ್ಮ ವಿಶ್ವಾಸಿ,
ಪ್ರೇಮ್‌ಕುಮಾರ್

ಮರೆತ ಮಾತು: ಗಡ್ಡೆಗೆ ಸೂಜಿ ಹಾಕಿ ಚೂರು ತೆಗೆದು, ಒಳಗಿರುವವರು ಯಾರೆಂದು ನೋಡುತ್ತಾರೆ. ಅಲ್ಲಿ ತಾವು ಸಿಗದೇ ಹೋದರೆ, ಆಮೇಲೆ ಬಂದು ‘ನಾವೂ ಸ್ಟಾಫೇ’ ಎನ್ನುವ ಹಾಗಿಲ್ಲ. ಪರೀಕ್ಷೆ ಸೋಮವಾರ ಬೆಳಿಗ್ಗೆ.