ಎರಡೂವರೆ ತಾಸಿನ ದಿಲ್ಲಿ

ಕುಷ್ಟಗಿ ಬಸ್‌ಸ್ಟ್ಯಾಂಡ್ ಎದುರು ನನ್ನದೊಂದು ಟಿಕೆಟ್ ಬುಕಿಂಗ್ ಅಂಗಡಿ. ವಿಮಾನದ ಟಿಕೆಟ್‌ಗೆ ಬರುವವರು ವಾರಕ್ಕೆ ಒಬ್ಬರೋ ಇಬ್ಬರೋ. ಆದರೆ ಆ ಒಬ್ಬರೇ ಇಡೀ ವಾರಕ್ಕಾಗುವಷ್ಟು ನಗಿಸಿ, ಅಷ್ಟೇ ಬೆವರನ್ನೂ ಇಳಿಸಿ ಹೋಗುತ್ತಾರೆ. ಹೋದ ಸಲದ ಪಾಳಿ ತಾವರಗೇರಾದ ಕುರಿ ಸಾಕುವ ಯಜಮಾನರದು.

೧. ಬುತ್ತಿ ಲೆಕ್ಕ

ಅವರ ತಂಗಿಯ ಗಂಡ ದಿಲ್ಲಿಯಲ್ಲಿ ಮಿಲಿಟರಿ ಕೆಲಸದಲ್ಲಿದ್ದಾನೆ. ಅಲ್ಲಿ ಮಗುವಿನ ಜಾವಳ. ಸೋದರಮಾವ ತೊಡೆಯ ಮೇಲೆ ಕೂರಿಸಿಕೊಂಡು ಮೊದಲ ಕೂದಲು ಕತ್ತರಿಸಬೇಕು; ಅಣ್ಣ ಬರದಿದ್ದರೆ ಜಾವಳವೇ ಇಲ್ಲ ಎಂದು ತಂಗಿ ಹಟ ಹಿಡಿದಿದ್ದಳು.

ಹುಬ್ಬಳ್ಳಿಯಿಂದ ದಿಲ್ಲಿಗೆ ಸುಮಾರು ಒಂದೂವರೆ ಸಾವಿರ ಕಿಲೋಮೀಟರ್, ಎರಡೂವರೆ ತಾಸು ಎಂದೆ. ಯಜಮಾನರು ನನ್ನನ್ನೇ ಅನುಮಾನದಿಂದ ನೋಡಿದರು. ಬಸ್ಸು ಬದಲಿಸಿ ಕೊಪ್ಪಳ ಮುಟ್ಟಲೂ ಅವರಿಗೆ ಅಷ್ಟೇ ಹೊತ್ತು ಹಿಡಿಯುತ್ತದಂತೆ. ಜೊತೆಗಿದ್ದ ಹೆಂಡತಿಯ ಚಿಂತೆ ಬೇರೆ. ಅವರ ಮನೆಯಲ್ಲಿ ದಾರಿ ಅಳೆಯುವುದು ರೊಟ್ಟಿ ಬುತ್ತಿಯಲ್ಲಿ: ಬಳ್ಳಾರಿ ಒಂದು ಬುತ್ತಿ, ತಿರುಪತಿ ಮೂರು ಬುತ್ತಿ. ಬೆರಳು ಮಡಚಿ ನೋಡಿದರು, ದಿಲ್ಲಿಗೆ ಅರ್ಧ ಬುತ್ತಿಯೂ ಆಗಲಿಲ್ಲ.

"ಅಷ್ಟ ಹತ್ತಿರ ಇದ್ರ, ಸಂಜಿ ಕುರಿ ಹಟ್ಟಿಗೆ ಬರೂದ್ರಾಗ ಹೊಳ್ಳಿ ಬರ್ರಿ," ಎಂದು ಗಂಡನಿಗೆ ಅಪ್ಪಣೆ ಕೊಟ್ಟರು.

೨. ಚೀಲ ಮೊದಲು

ಟಿಕೆಟ್ ಸಿಕ್ಕಿದ್ದು ಮಂಗಳವಾರ ಸಂಜೆಗೆ. ಮಂಗಳವಾರ ಅವರು ಊರು ಬಿಡುವವರಲ್ಲ. ಅದಕ್ಕೆ ನಮ್ಮ ಕಡೆ ಉಪಾಯವಿದೆ, ಪ್ರಸ್ಥಾನ ಇಡುವುದು: ಒಳ್ಳೆಯ ದಿನ ನೋಡಿ ಚೀಲವನ್ನು ನೆರೆಮನೆಯಲ್ಲಿಟ್ಟರೆ ನೀವು ಅಂದೇ ಹೊರಟಂತೆ. ಯಜಮಾನರು ಸೋಮವಾರವೇ ಇಟ್ಟುಬಂದರು. ಆಧಾರ್ ಕಾರ್ಡೂ ಆ ಚೀಲದಲ್ಲೇ ಇತ್ತು. ಮಂಗಳವಾರ ಬೆಳಿಗ್ಗೆ ನೋಡಿದರೆ ನೆರೆಮನೆಗೆ ಬೀಗ. ಮನೆಮಂದಿಯೆಲ್ಲ ಭತ್ತ ನಾಟಿಯ ಕೂಲಿಗೆ ಹತ್ತಿರದ ಸಿದ್ದಾಪುರಕ್ಕೆ ಹೋಗಿದ್ದರು.

ನನಗೆ ಫೋನು ಬಂತು. "ಸರ, ನನ್ನ ಚೀಲ ನಿನ್ನೇನ ದಿಲ್ಲಿಗೆ ಹೊಂಟೈತಿ. ನಾನ ಇನ್ನೂ ಮನ್ಯಾಗ ಅದೀನಿ."

ನೆರೆಯವರು ಕಳಿಸಿದ ಬೀಗದ ಕೈ ಬಸ್ಸಿನ ಕಂಡಕ್ಟರ್ ಕೈಯಿಂದ ಬಂದು ಮುಟ್ಟಿದಾಗ ಮಧ್ಯಾಹ್ನ. ಬಾಡಿಗೆ ಕಾರು ಹಿಡಿದು ಹುಬ್ಬಳ್ಳಿಗೆ ಹೋಗಿ ಹೇಗೋ ವಿಮಾನ ಹತ್ತಿದರು. ಒಂದು ದಿನ ಮೊದಲೇ ಹೊರಟಿದ್ದ ಚೀಲವೂ ಅವರೂ ಕೊನೆಗೆ ಒಟ್ಟಿಗೇ ದಿಲ್ಲಿ ಮುಟ್ಟಿದರು.

೩. ಕತ್ತರಿ ಕೊಡದ ತಂಗಿ

ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವಾಗಲೇ ಮತ್ತೆ ಅವರ ಫೋನು, ಸಣ್ಣ ದನಿಯಲ್ಲಿ. ಮಗು ತೊಡೆಯ ಮೇಲಿದೆ, ಮುಹೂರ್ತ ಮೀರುತ್ತಿದೆ, ತಂಗಿ ಕತ್ತರಿ ಕೊಡುತ್ತಿಲ್ಲ. ಎಷ್ಟು ಹೊತ್ತಿನಲ್ಲಿ ಬಂದೆ ಎಂದು ಅವಳು ಕೇಳಿದ್ದಾಳೆ, ಇವರು ಹೆಮ್ಮೆಯಿಂದ ಎರಡೂವರೆ ತಾಸು ಎಂದಿದ್ದಾರೆ. ಅಲ್ಲಿಗೆ ಸಿಕ್ಕಿಬಿದ್ದರು. ದಿಲ್ಲಿ ಭಾಳ ದೂರ ಎಂದು ಹೇಳಿಕೊಂಡೇ ಅಣ್ಣ ನಾಲ್ಕು ವರ್ಷ ಪಂಚಮಿ ಹಬ್ಬಕ್ಕೆ ಅವಳನ್ನು ತವರಿಗೆ ಕರೆದಿರಲಿಲ್ಲ. ಈಗ ಮೊದಲು ಪಂಚಮಿಯ ಟಿಕೆಟ್, ಆಮೇಲೆ ಕತ್ತರಿ.

ಫೋನು ತಂಗಿಯ ಕೈಗೆ ಹೋಯಿತು. "ಅಣ್ಣಾರ, ನೀವರ ಖರೇ ಹೇಳ್ರಿ. ಎಷ್ಟು ತಾಸಿನ ದಾರಿ?"

ಎರಡು ದಿನ ಅನ್ನಿ ಎಂದು ಹಿಂದಿನಿಂದ ಯಜಮಾನರು ಗೋಗರೆಯುವುದು ನನಗೆ ಕೇಳಿಸಿತು. ನನಗೂ ಅಕ್ಕತಂಗಿಯರಿದ್ದಾರೆ, ಸುಳ್ಳು ಹೇಳಲು ಬಾಯಿ ಬರಲಿಲ್ಲ. ಎರಡೂವರೆ ತಾಸು ಎಂದೆ. ಹಾಗಾದರೆ ಪಂಚಮಿಗೆ ಟಿಕೆಟ್ ಮಾಡಿಬಿಡಿ ಎಂದಳು. ತಾಯಿಗೂ ಮಗುವಿಗೂ ಟಿಕೆಟ್ ಮಾಡಿ ಅವಳ ಮೊಬೈಲಿಗೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ಫೋನಿನಲ್ಲಿ ಮಗು ಕಿರುಚಿದ್ದು ಕೇಳಿಸಿತು. ಸದ್ಯ, ಕತ್ತರಿ ಕೈಬದಲಾಯಿತು ಎಂದುಕೊಂಡು, ವಾಪಸ್ ಟಿಕೆಟ್ ಯಾವತ್ತಿಗೆ ಎಂದು ಕೇಳಿದೆ.

"ವಾಪಸ್ ಬ್ಯಾಡ್ರಿ," ಎಂದಳು ತಂಗಿ. "ಇಷ್ಟ ಹತ್ತಿರ ಐತಿ ಅಂದ ಮ್ಯಾಲ ನಾ ತವರಮನ್ಯಾಗನ ಇರ್ತೀನಿ. ನಮ್ಮ ಮನಿಯವರು ದಿನಾ ಅಲ್ಲಿಂದನ ಡ್ಯೂಟಿಗೆ ಹೋಗಿ ಬರ್ತಾರ."