ಜಗಳ ಆಡದವರಿಗೆ ಮದುವೆ ಇಲ್ಲ

ನನ್ನ ಸೋದರಮಾವನಷ್ಟು ಸಂಸಾರಗಳೊಳಗೆ ಇಣುಕಿ ನೋಡಿದವರು ಭದ್ರಾವತಿಯಲ್ಲಿ ಇನ್ನೊಬ್ಬರಿಲ್ಲ. ಅವರು ಮದುವೆ ಬ್ರೋಕರ್ ಅಲ್ಲ, ಫೋಟೋಗ್ರಾಫರೂ ಅಲ್ಲ. ಸಂಶೋಧಕರು! ಮದುವೆ ಮತ್ತು ಕ್ರೈಸ್ತ ಕುಟುಂಬ ಅವರ ವಿಷಯ. ಹೈಸ್ಕೂಲ್ ಮೇಷ್ಟ್ರಾಗಿದ್ದುಕೊಂಡೇ ಓದಿ ಓದಿ, ತೊಂಬತ್ತರ ದಶಕದ ಕೊನೆಗೆ ಡಾಕ್ಟರ್ ಆದರು. ದೇವರು ತಮ್ಮನ್ನು ಕರೆದದ್ದೇ ಈ ಕೆಲಸಕ್ಕೆ ಎಂದು ಅವರ ನಂಬಿಕೆ. ಕರೆಯುವ ಮುಂಚೆ ದೇವರು ನನ್ನನ್ನೂ ಒಂದು ಮಾತು ಕೇಳಬಹುದಿತ್ತು ಎಂದು ಅತ್ತೆಯ ಗೊಣಗಾಟ.

ಅಪ್ಪ ಅಮ್ಮ ತೀರಿಕೊಂಡ ಮೇಲೆ ಓಲ್ಡ್ ಟೌನಿನ ಮನೆಯಲ್ಲಿ ನನ್ನನ್ನು ಸಾಕಿದವರು ಇವರಿಬ್ಬರೇ. ಅವರಿಗೆ ಮಕ್ಕಳಿರಲಿಲ್ಲ. ಹಾಗಾಗಿ ಮಾವನ ಸಂಶೋಧನೆಯನ್ನು ನಾನು ತೀರಾ ಹತ್ತಿರದಿಂದ ಅನುಭವಿಸಿದ್ದೇನೆ.

ಪ್ರಾರ್ಥನಾ ಕೂಟದಲ್ಲಿ ಎಲ್ಲರೂ ಕಣ್ಣು ಮುಚ್ಚಿದರೆ ಇವರ ಕಣ್ಣು ಮಾತ್ರ ತೆರೆದಿರುತ್ತಿತ್ತು. ಆ ಮನೆಯ ಗಂಡ ಹೆಂಡತಿ ಎಷ್ಟು ದೂರ ಕೂತಿದ್ದಾರೆ ಅಂತ ನೋಡಬೇಡವೇ? ಆಮೇಲೆ ಕಾಫಿ ಬಂದರೆ, ಕುಡಿದ ಲೋಟವನ್ನು ಒಳಗಿಡುವವರು ಯಾರು ಎಂಬ ತನಿಖೆ. ಇವರು ಬರುತ್ತಾರೆಂದರೆ ಸಾಕು, ಗಂಡಸರೆಲ್ಲ ಲೋಟ ಹಿಡಿದು ಅಡಿಗೆಮನೆಗೆ ಓಡುತ್ತಿದ್ದರು! "ನಿಮ್ಮ ಮಾವನ್ನ ವಾರಾ ವಾರಾ ಕಳ್ಸೇ ಮಾರಾಯ್ತಿ" ಎಂದು ಪಕ್ಕದ ಮನೆಯಾಕೆ ನನ್ನ ಬಳಿ ಬೇಡಿಕೊಂಡಿದ್ದರು. ಇವರ ಸ್ವಂತ ಲೋಟ ಎಲ್ಲಿರುತ್ತಿತ್ತು ಅಂತೀರಿ? ಕುರ್ಚಿಯ ಕೆಳಗೇ. ಅತ್ತೆ ರೇಗಿದರೆ, "ನಾನು ಸಂಶೋಧಕ ಕಣೇ, ಸ್ಯಾಂಪಲ್ ಅಲ್ಲ" ಅನ್ನುತ್ತಿದ್ದರು.

ಇಷ್ಟೆಲ್ಲ ನೋಡಿ ಅವರು ಕಂಡುಕೊಂಡದ್ದು ಒಂದೇ: ಒಮ್ಮೆಯಾದರೂ ಜಗಳ ಆಡದ ಜೋಡಿ ಮದುವೆಗೆ ತಯಾರಾಗಿಲ್ಲ. ನಿಶ್ಚಯವಾದ ಜೋಡಿಗಳಿಗೆ ಬುದ್ಧಿ ಹೇಳುವ ಕೆಲಸವನ್ನು ಚರ್ಚಿನವರು ಇವರಿಗೇ ವಹಿಸಿದ್ದರು. ಇವರು ಅವರನ್ನು ಬಸ್ಸು ಹತ್ತಿಸಿ ಶಿವಮೊಗ್ಗದ ಗಾಂಧಿ ಬಜಾರಿಗೆ ಕರೆದೊಯ್ದು, ಇಬ್ಬರೂ ಸೇರಿ ಒಂದು ಸೀರೆ ಆರಿಸಿ ಅನ್ನುತ್ತಿದ್ದರು. ಎರಡು ಮೂರು ಅಂಗಡಿ ಆಗುವಷ್ಟರಲ್ಲಿ ಹುಡುಗಿಯ ಕಣ್ಣಲ್ಲಿ ನೀರು, ಹುಡುಗ ಹೊರಗೆ ಫುಟ್‌ಪಾತ್ ಮೇಲೆ. ಮಾವನ ಮುಖ ಅರಳುತ್ತಿತ್ತು!

"ಜಗಳ ಯಾರು ಬೇಕಾದ್ರೂ ಆಡ್ತಾರೆ. ಆಮೇಲೆ ಮೊದಲು ಮಾತಾಡೋದು ಯಾರು, ಅದನ್ನ ನೋಡ್ಬೇಕು" ಎಂದು ಕಾದು ಕೂತು, ರಾಜಿಯಾದ ಮೇಲೆ ಮಸಾಲೆ ದೋಸೆ ಕೊಡಿಸಿ ಪಾಸು ಮಾಡುತ್ತಿದ್ದರು.

ನನ್ನ ಸರದಿ ಬಂತು. ನನ್ನ ಹುಡುಗ ಜೋರಾಗಿ ಕೆಮ್ಮುವುದಕ್ಕೂ ಸಂಕೋಚಪಡುವವನು. ಬೇಕೆಂದೇ ಕಣ್ಣಿಗೆ ಹೊಡೆಯುವ ಕೇಸರಿ ಸೀರೆ ಎತ್ತಿದೆ. "ಚೆನ್ನಾಗಿದೆ" ಅಂದ. ಬೇಡ ಅಂದೆ. "ಹೌದು, ಬೇಡ" ಅಂದ.

ಮಾವನಿಗೆ ತಡೆಯಲಾಗಲಿಲ್ಲ. "ಸ್ವಲ್ಪ ಸಿಟ್ಟು ಮಾಡ್ಕೊಳ್ಳಪ್ಪಾ!"

"ಯಾಕೆ ಸಾರ್?"

ಮತ್ತೆ ಮತ್ತೆ ಹೋದೆವು. ಜಗಳ ಹುಟ್ಟಲೇ ಇಲ್ಲ. "ಫೇಲು. ಪ್ರಕಟಣೆ ದಿನ ಎದ್ದು ನಿಲ್ತೀನಿ ನೋಡ್ತಿರು" ಎಂದು ಮಾವ ಘೋಷಿಸಿದರು.

ಮದುವೆಗೆ ಮುಂಚೆ ಮೂರು ಭಾನುವಾರ ನಮ್ಮ ಚರ್ಚಿನಲ್ಲಿ ವಧೂವರರ ಹೆಸರು ಓದಿ, ಆಕ್ಷೇಪಣೆ ಇದ್ದವರು ತಿಳಿಸಬೇಕು ಅನ್ನುತ್ತಾರೆ. ಯಾರೂ ತಿಳಿಸುವುದಿಲ್ಲ. ಆದರೆ ಮಾವ ಆಡಿದರೆ ಮಾಡುವವರು! ಇದ್ದೊಬ್ಬ ಒಳ್ಳೆಯ ಹುಡುಗ ಕೈತಪ್ಪಿದರೆ ಏನು ಗತಿ ಎಂದು ನನಗೆ ಊಟ ಸೇರಲಿಲ್ಲ. ಎರಡು ಭಾನುವಾರ ಸುಮ್ಮನೆ ಕಳೆದವು. ಮೂರನೆಯದರಲ್ಲಿ ಮಾವ ಎದ್ದೇಬಿಟ್ಟರು.

"ಹುಡುಗನಲ್ಲಿ ಏನಾದ್ರೂ ದೋಷ ಇದೆಯಾ?" ಸಭಾಪಾಲಕರು ಕೇಳಿದರು.

"ಇಲ್ಲ ಅಯ್ಯನವರೇ. ಹುಡುಗ ಬಂಗಾರ."

"ಮತ್ತೆ?"

ಮಾವ ನನ್ನ ಕಡೆ ತಿರುಗಿ ನೋಡಿದರು. "ಹುಡುಗಿ ಚಿಕ್ಕವಳು."

"ಇಪ್ಪತ್ತಾರು!" ಎಂದು ಹೆಂಗಸರ ಕಡೆಯಿಂದ ಅತ್ತೆ ಕೂಗಿದರು. ಚರ್ಚಿಗೆ ಚರ್ಚೇ ನಕ್ಕಿತು.

"ಇರಬಹುದು. ನನಗೆ ಚಿಕ್ಕವಳೇ" ಅಂದರು ಮಾವ. ಕರವಸ್ತ್ರಕ್ಕಾಗಿ ಜೇಬು ತಡಕಿದರು. ನಗು ನಿಂತಿತು. ಸಭಾಪಾಲಕರು ಮುಂದಿನ ಗೀತೆ ಹೇಳದೆ ಕಾದರು.

ನಾನು ಎದ್ದು, ಗಂಡಸರ ಸಾಲಿಗೆ ದಾಟಿ, ಮಾವನ ಕೈ ಹಿಡಿದು ಕೂರಿಸಿ ಪಕ್ಕದಲ್ಲೇ ಕೂತೆ. ಆರಾಧನೆ ಮುಗಿಯುವವರೆಗೆ ಅವರು ಆ ಕೈ ಬಿಡಲಿಲ್ಲ.