ಬಾತುಕೋಳಿಯಲ್ಲದ ಬಾತುಕೋಳಿ

ಕನ್ನಡಕದಂಗಡಿಯ ಗುಮಾಸ್ತ ಅಂದು ಊಟದ ಡಬ್ಬಿಯನ್ನು ಅಡುಗೆಮನೆಯಲ್ಲೇ ಮರೆತು ಬಂದ. ಮಧ್ಯಾಹ್ನ ಹೊಟ್ಟೆ ತಾಳ ಹಾಕತೊಡಗಿದಾಗ, ಪಕ್ಕದ ಓಣಿಯಲ್ಲಿ ಹೊಸದಾಗಿ ತೆರೆದಿದ್ದ ವೀಗನ್ ಚೈನೀಸ್ ಹೋಟೆಲು ನೆನಪಾಯಿತು. ಐದೇ ಮೇಜಿನ ಜಾಗ. ಮಾಂಸ ಹಾಗಿರಲಿ, ಹಾಲು ಬೆಣ್ಣೆಗೂ ಅಲ್ಲಿ ಪ್ರವೇಶವಿಲ್ಲ. ಅವನಿಗೆ ಬೇಕಾದದ್ದೂ ಅಂಥದೇ. ಏಳು ತಿಂಗಳ ಹಿಂದೆ ಮದುವೆಯ ಮಾತುಕತೆಯಲ್ಲಿ ಅತ್ತೆ ಹಾಕಿದ್ದು ಒಂದೇ ಷರತ್ತು: ಮಾಂಸ ಬಿಟ್ಟರೆ ಮಗಳು. ಅವನು ಮಾಂಸ ಬಿಟ್ಟಿದ್ದ. ಅವನ ನಾಲಗೆ ಇನ್ನೂ ಬಿಟ್ಟಿರಲಿಲ್ಲ.

ಹಾಗಾಗಿ ಪಟ್ಟಿಯಲ್ಲಿ ‘ಸೋಯಾ ಬಾತುಕೋಳಿ’ ಎಂದು ಕಂಡದ್ದೇ ತಡ, ಬೆರಳು ತಾನಾಗಿ ಅಲ್ಲಿಗೆ ಹೋಯಿತು.

ಹೋಟೆಲಿನಾಕೆ ತಟ್ಟೆ ತಂದಿಟ್ಟಳು. ಎಣ್ಣೆಯಲ್ಲಿ ಮಿರಮಿರ ಮಿಂಚುವ ಕೆಂಪು ಚರ್ಮ, ಮೂಳೆಯ ಜಾಗದಲ್ಲಿ ಕಬ್ಬಿನ ಕಡ್ಡಿ. ಅವನು ತೊಡೆಯನ್ನೆತ್ತಿ ಬಾಯಿಗಿಡಬೇಕು, ಅಷ್ಟರಲ್ಲಿ ಕಿಟಕಿಯಾಚೆ ಪಕ್ಕದ ಬೀದಿಯ ಅತ್ತೆಯ ಮನೆಯ ಮಹಡಿಯಲ್ಲಿರುವ ಟೈಲರಮ್ಮ ನಿಂತಿದ್ದಳು. ಹೋದ ವಾರ ಇವನೇ ಕೈಯಾರೆ ಕೂರಿಸಿಕೊಟ್ಟ ಹೊಸ ಕನ್ನಡಕದಲ್ಲಿ ಅವಳಿಗೆ ಎಲ್ಲವೂ ನಿಚ್ಚಳವಾಗಿ ಕಂಡಿತು. ಕಂಡದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಪೈಕಿ ಅವಳಲ್ಲ.

ತಟ್ಟೆ ಆರುವ ಮೊದಲೇ ಅತ್ತೆ ಬಂದರು. ಅವರ ಬೆನ್ನಿಗೆ, ಮಳೆಯಿಲ್ಲದ ದಿನ ಹೊತ್ತು ತಂದ ಕೊಡೆಯಂತೆ, ಮಾವ. ಟೈಲರಮ್ಮ ಯಾರೂ ಕರೆಯದೆಯೇ ಕುರ್ಚಿ ಎಳೆದುಕೊಂಡು ಸಾಕ್ಷಿಗೆ ಕೂತಳು.

ಇದು ಬರೀ ಸೋಯಾ ಎಂದು ಅಳಿಯ ಬೇಡಿಕೊಂಡ. ಬೋರ್ಡು ತೋರಿಸಿದ. ಬೋರ್ಡಿನ ಮೇಲೆ ಏನು ಬೇಕಾದರೂ ಬರೆಯಬಹುದು ಎಂದರು ಅತ್ತೆ. ಅವನು ಹೋಟೆಲಿನಾಕೆಯನ್ನು ಸಾಕ್ಷಿಗೆ ಕರೆದ. ಅವಳೋ ತನ್ನ ಕೈರುಚಿಯ ಹೆಮ್ಮೆಯಲ್ಲಿ, “ನಿಜವಾದ ಬಾತುಕೋಳಿ ತಿಂದೋರೇ ಇಲ್ಲಿ ಮೋಸ ಹೋಗಿದಾರೆ ಕಣಮ್ಮ,” ಎಂದುಬಿಟ್ಟಳು. ಅತ್ತೆಗೆ ಕೇಳಿಸಿದ್ದು ‘ಮೋಸ’ ಎಂಬ ಒಂದೇ ಪದ. ಮಗಳನ್ನು ಸಂಜೆಯೇ ಮನೆಗೆ ಕರೆದುಕೊಂಡು ಹೋಗುವುದಾಗಿ ಹೇಳಿದರು. ಅಳಿಯ ತಟ್ಟೆಯನ್ನು ಅವರತ್ತ ಸರಿಸಿದ.

“ಒಂದು ಚೂರು ರುಚಿ ನೋಡಿ ಅತ್ತೆ, ನಿಮಗೇ ಗೊತ್ತಾಗುತ್ತೆ.”

ಅತ್ತೆ ಸೆರಗನ್ನು ಮೂಗಿಗೆ ಒತ್ತಿ ಹಿಂದೆ ಸರಿದರು. ಮೂವತ್ತೆರಡು ವರ್ಷದ ಸಂಸಾರದಲ್ಲಿ ತುಟಿ ಬಿಚ್ಚದಿದ್ದ ಮಾವ ಆಗ ಮುಂದೆ ಬಂದರು. ಅಳಿಯನ ಮಾನದ ಪ್ರಶ್ನೆ, ತಾನು ನೋಡುತ್ತೇನೆ ಎಂದರು. ಅವನೆದುರು ಕೂತು ಒಂದು ತುಂಡು ಬಾಯಿಗಿಟ್ಟರು. ಕಣ್ಣು ಮುಚ್ಚಿ ನಿಧಾನವಾಗಿ ಅಗಿದರು.

“ಇದು ಬಾತುಕೋಳಿ ಅಲ್ಲ,” ಎಂದರು ಕೊನೆಗೆ.

ಅಳಿಯನಿಗೆ ಹೋದ ಜೀವ ಬಂದಂತಾಯಿತು. ಮಾವ ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಅಪರೂಪಕ್ಕೆ ಎಲ್ಲರೂ ತಮ್ಮ ಮಾತು ಕೇಳುತ್ತಿದ್ದರಲ್ಲ.

“ಬಾತುಕೋಳಿ ಆದ್ರೆ ಚರ್ಮದ ಕೆಳಗೆ ತೆಳ್ಳಗೆ ಕೊಬ್ಬು ಇರುತ್ತೆ. ಬಾಯಲ್ಲಿಟ್ರೆ ಕರಗಿಹೋಗುತ್ತೆ. ಇದರಲ್ಲಿ ಅದಿಲ್ಲ.”

ಟೈಲರಮ್ಮ ಕನ್ನಡಕ ಸರಿಮಾಡಿಕೊಂಡಳು.

“ಅದು ನಿಮಗೆ ಹೇಗೆ ಗೊತ್ತು?” ಅತ್ತೆಯ ದನಿ ಬಹಳ ಮೆಲ್ಲಗಿತ್ತು.

ಮಾವ ಸೂರು ನೋಡಿದರು, ಬಾಗಿಲು ನೋಡಿದರು. ಕೊನೆಗೆ ಅವರ ಕಣ್ಣು ಅಳಿಯನ ಮೇಲೆ ನೆಟ್ಟಿತು. ಮೇಜಿನ ಕೆಳಗೆ ಅವರ ಪಾದ ಅವನ ಪಾದವನ್ನು ಬಲವಾಗಿ ಅದುಮಿತು.

“ಇವನೇ ಕಣೇ,” ಎಂದರು ದುಃಖದಿಂದ. “ಹೋದ ತಿಂಗಳು ಬೇಡ ಬೇಡ ಅಂದ್ರೂ ಎಳ್ಕೊಂಡು ಹೋಗಿ ತಿನ್ನಿಸಿದ.”

ಅಳಿಯ ಬಾಯಿ ತೆರೆದ. ಪಾದ ಇನ್ನಷ್ಟು ಒತ್ತಿತು. ಅವನು ಬಾಯಿ ಮುಚ್ಚಿದ.

ಅತ್ತೆ ಟೈಲರಮ್ಮನನ್ನು ಕರೆದುಕೊಂಡು ಹೊರಟೇಬಿಟ್ಟರು. ಮಾವ ಮಾತ್ರ ಕೂತೇ ಇದ್ದರು. ಅಳಿಯನಿಗೆ ಬುದ್ಧಿ ಹೇಳಿ ಬರುತ್ತೇನೆಂದು ಹೆಂಡತಿಗೆ ಕೂಗಿ ಹೇಳಿ, ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.